ಎಲ್ಲರೂ ಬೀಗದಕ್ಕನಾಗಿದ್ದ ಲ್ಯಾಬು

ಆ ಲ್ಯಾಬಿನಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಸಂಬಳದ ಸ್ಲಿಪ್ಪಿಗೆ ಮತ್ತು ಕಂಪ್ಯೂಟರಿಗೆ ಮಾತ್ರ. ಉಳಿದವರಿಗೆಲ್ಲ ಅವಳು ಬೀಗದಕ್ಕ. ರಕ್ತ, ಮೂತ್ರ, ಕಫ ಪರೀಕ್ಷೆ ಮಾಡುವ ಆ ಲ್ಯಾಬು ಒಂದೇ ಕೋಣೆಯಲ್ಲಿದ್ದ ಕಾಲಕ್ಕೆ ಅವಳು ಕೆಲಸಕ್ಕೆ ಸೇರಿದ್ದಳು. ಬಾಗಿಲಿನ ಕೀಲಿ, ಫ್ರಿಜ್ಜಿನ ಕೀಲಿ, ಬೀರುವಿನ ಕೀಲಿ ಎಲ್ಲವೂ ಅವಳ ಸೊಂಟದಲ್ಲೇ ಇರುತ್ತಿದ್ದವು. ಲ್ಯಾಬಿನ ಒಡೆಯರಾದ ಡಾಕ್ಟರು ಬೆಳಿಗ್ಗೆ ಬಂದು ಮೆಟ್ಟಿಲ ಮೇಲೆ ನಿಂತು ಅವಳ ದಾರಿ ಕಾಯುವುದೂ ಇತ್ತು. ಆಮೇಲೆ ಲ್ಯಾಬು ಬೆಳೆಯಿತು. ಮೂರಂತಸ್ತಿನ ಕಟ್ಟಡವಾಯಿತು, ಊರಿನ ಬೇರೆ ಬೇರೆ ಕಡೆ ರಕ್ತ ಸಂಗ್ರಹಿಸುವ ಸಣ್ಣ ಸಣ್ಣ ಕೇಂದ್ರಗಳಾದವು, ಕಂಪ್ಯೂಟರು ಬಂತು. ಕೀಲಿಗಳ ಹಿಂದೆಯೇ ಪಾಸ್‌ವರ್ಡುಗಳೂ ತಾವಾಗಿಯೇ ಅವಳ ಬಳಿಗೆ ಬಂದವು.

ಒಬ್ಬೊಬ್ಬರಿಗೂ ಬೇರೆ ಬೇರೆ ಲಾಗಿನ್ ಬೇಕೆಂದರೆ ಸಾಫ್ಟ್‌ವೇರ್ ಕಂಪನಿಯವರು ತಲೆಗಿಷ್ಟು ಅಂತ ಕೇಳುತ್ತಿದ್ದರು. "ಯಾಕಮ್ಮ ಸುಮ್ನೆ ದಂಡ? ನಿಮ್ಮದೊಂದಿದ್ರೆ ಸಾಕು. ನಮ್ಮನೆಯವರೇ ತಾನೆ ಎಲ್ಲ?" ಎಂದಿದ್ದರು ಡಾಕ್ಟರು. ಅದೂ ಸರಿಯೆಂದೇ ಅವಳಿಗೆ ಕಂಡಿತ್ತು. ಹೀಗೆ ಬೆಳಗಿನ ಪಾಳಿಯವರು, ಸಂಜೆ ಪಾಳಿಯವರು, ಕೌಂಟರಿನ ಹುಡುಗಿಯರು, ವರದಿಗೆ ಸಹಿ ಹಾಕುವ ಜೂನಿಯರ್ ಡಾಕ್ಟರು, ಎಲ್ಲರೂ ಅವಳ ಹೆಸರಿನಲ್ಲೇ ಒಳಗೆ ಹೋಗುತ್ತಿದ್ದರು. ಕಂಪ್ಯೂಟರಿನ ಲೆಕ್ಕದಲ್ಲಿ ಅವಳೊಬ್ಬಳೇ ಹಗಲೂ ರಾತ್ರಿ ಕೂತು ಊರಿನವರ ರಕ್ತವನ್ನೆಲ್ಲ ನೋಡುತ್ತಿದ್ದಳು.

ಇದರಲ್ಲಿ ಅವಳಿಗೆ ಹೆಮ್ಮೆ ಇರಲಿಲ್ಲ ಎಂದರೆ ಸುಳ್ಳಾದೀತು. ತಾನಿಲ್ಲದೆ ಲ್ಯಾಬಿನ ಎಲೆಯೂ ಅಲುಗಾಡುವುದಿಲ್ಲ ಎಂಬುದು ಕೇಳಲಿಕ್ಕೆ ಹಿತವಾದ ಮಾತೇ. ಆದರೆ ಅದಕ್ಕೆ ತೆರುತ್ತಿದ್ದ ಬೆಲೆಯೂ ಕಡಿಮೆಯದಲ್ಲ. ಯಾವ ಕೇಂದ್ರದಲ್ಲಿ ಹೊಸ ಕಂಪ್ಯೂಟರು ತೆರೆದರೂ ಗುಟ್ಟಿನ ಅಂಕಿ ಬರುತ್ತಿದ್ದದ್ದು ಅವಳ ಮೊಬೈಲಿಗೆ. ತಂಗಿಯ ಮದುವೆಯ ಗುಂಪು ಫೋಟೋದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಇವಳು ತಲೆ ಬಗ್ಗಿಸಿ ಫೋನಿಗೆ ಅಂಕಿ ಓದಿ ಹೇಳುತ್ತಿದ್ದಾಳೆ. ಅಪ್ಪ ಕೊನೆಯುಸಿರೆಳೆಯುವಾಗಲೂ ಫೋನು ಹಿಡಿದು ಆಸ್ಪತ್ರೆಯ ಮೊಗಸಾಲೆಗೆ ಎದ್ದು ಹೋಗಿದ್ದಳು. ವಾಪಸು ಬರುವಷ್ಟರಲ್ಲಿ ನರ್ಸು ಹೊದಿಕೆ ಸರಿಮಾಡುತ್ತಿದ್ದಳು. ಅದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡವಳಲ್ಲ. ಅವಳ ಗಂಡ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವ ಮನುಷ್ಯ. ಮಾತಿನಲ್ಲಿ ಬ್ರೇಕು ಕಡಿಮೆ. "ನಾನು ಮದ್ವೆ ಆಗಿದ್ದು ನಿನ್ನನ್ನೋ, ನಿನ್ನ ಲ್ಯಾಬನ್ನೋ? ಒಂದ್ಸಲ ಹೇಳ್ಬಿಡು, ಡಾಕ್ಟ್ರ ಮನೆಗೇ ಅಳಿಯತನಕ್ಕೆ ಹೋಗ್ಬಿಡ್ತೀನಿ" ಅನ್ನುತ್ತಿದ್ದ.

ಹೀಗೇ ನಡೆದುಕೊಂಡು ಹೋಗುತ್ತಿರುವಾಗ ಒಂದು ದಿನ ಒಬ್ಬಳು ಟೀಚರು ಲ್ಯಾಬಿಗೆ ಬಂದಳು. ಮಕ್ಕಳಾಗದ ವಿಚಾರಕ್ಕೆ ಯಾವುದೋ ಹಾರ್ಮೋನು ಪರೀಕ್ಷೆ ಮಾಡಿಸಿದ್ದವಳು. ಕೂಗಾಡಲಿಲ್ಲ. ಕೌಂಟರಿನ ಗಾಜಿಗೆ ಕೈಯೂರಿ, ಪಾಠ ಒಪ್ಪಿಸುವ ಹಾಗೆ ಹೇಳಿದಳು: "ನನ್ನ ರಿಪೋರ್ಟ್ ಇವತ್ತು ನನ್ನ ಕೈಗೆ ಬಂತು. ಆದ್ರೆ ಅದರಲ್ಲಿ ಏನಿದೆ ಅಂತ ನಮ್ಮತ್ತೆ ನಿನ್ನೆ ರಾತ್ರಿಯೇ ಹೇಳಿದ್ರು. ನಂಟರ ಎದುರಿಗೆ. ಯಾರು ನೋಡಿದ್ದು, ಯಾರು ಹೇಳಿದ್ದು ಅಂತ ನನಗೆ ಗೊತ್ತಾಗ್ಬೇಕು."

ಡಾಕ್ಟರು ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ದಾಖಲೆ ನೋಡಿದರು. ಹಿಂದಿನ ಸಂಜೆ ಆ ವರದಿಯನ್ನು ಮುಂದಿನ ಕೌಂಟರಿನ ಕಂಪ್ಯೂಟರಿನಿಂದ ಒಬ್ಬರು ತೆರೆದು ನೋಡಿದ್ದರು. ಹೆಸರು ಬೀಗದಕ್ಕನದು. ಆ ಹೊತ್ತಿಗೆ ಅವಳು ನಾದಿನಿಯ ಮಗುವಿನ ಶಾಲೆಯಲ್ಲಿ, ಅದು ಮರದ ವೇಷ ಹಾಕಿಕೊಂಡು ಮಾತಿಲ್ಲದೆ ನಿಂತದ್ದನ್ನು ನೋಡುತ್ತ ಕೂತಿದ್ದಳು.

"ನೀವಲ್ಲ ಅಂತ ನನಗೆ ಗೊತ್ತಮ್ಮ," ಎಂದರು ಡಾಕ್ಟರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, "ಆದ್ರೆ ಹೆಸರು ನಿಮ್ಮದೇ ಇದೆಯಲ್ಲ" ಎಂದರು.

ಆ 'ಆದ್ರೆ' ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಆ ದಿನದಿಂದ ಲ್ಯಾಬಿನ ಹುಡುಗರು ತನ್ನನ್ನು ಕಂಡು ಮಾತು ನಿಲ್ಲಿಸುತ್ತಾರೇನೋ ಎಂದು ಅನಿಸತೊಡಗಿತು. ನಿಲ್ಲಿಸುತ್ತಿದ್ದರೋ ಇಲ್ಲವೋ, ಅನಿಸುವುದಂತೂ ನಿಲ್ಲಲಿಲ್ಲ.

ವಿಷಯ ಅಲ್ಲಿಗೇ ಮುಗಿಯಲಿಲ್ಲ. ಲ್ಯಾಬಿಗೆ ಅತಿ ಹೆಚ್ಚು ಕೆಲಸ ಕೊಡುತ್ತಿದ್ದ ದೊಡ್ಡ ಆಸ್ಪತ್ರೆಯ ಕಿವಿಗೂ ಬಿತ್ತು. ಯಾರಿಗೆ ಏನು ನೋಡುವ ಅಧಿಕಾರ ಇದೆ ಎಂಬುದನ್ನು ಬಲ್ಲವರಿಂದ ಸರಿಪಡಿಸಿಕೊಳ್ಳಿ, ಇಲ್ಲದಿದ್ದರೆ ನಮ್ಮ ರೋಗಿಗಳ ಸ್ಯಾಂಪಲ್ ಬೇರೆ ಕಡೆ ಹೋಗುತ್ತದೆ ಎಂದು ಅವರು ಖಡಾಖಂಡಿತವಾಗಿ ಹೇಳಿಬಿಟ್ಟರು. ಇಂಥ ಕೆಲಸಕ್ಕೆಂದೇ ಸಲಹೆಗಾರರ ಕಂಪನಿಗಳಿವೆಯಂತೆ. ಯಾರು ಯಾರೆಂದು ಗುರುತು ಹಿಡಿಯುವುದು, ಯಾವ ಬಾಗಿಲು ಯಾರಿಗೆ ತೆರೆಯಬೇಕೆಂದು ಗೊತ್ತುಮಾಡುವುದು, ಕೆಲಸ ಬಿಟ್ಟವರ ಬಾಗಿಲು ಮುಚ್ಚುವುದು, ಇವೆಲ್ಲ ಅವರ ಕಸುಬು. ಮೂರು ಕಂಪನಿಗಳ ಹೆಸರು ಬಂದವು. ಡಾಕ್ಟರು ಅವಳನ್ನು ಕರೆದರು.

"ಯಾರನ್ನ ಇಟ್ಕೋಬೇಕು ಅಂತ ನೀವೇ ನೋಡಿ ಹೇಳಿ. ಇಲ್ಲಿನ ಒಳಹೊರಗು ನಿಮಗಿಂತ ಯಾರಿಗೆ ಗೊತ್ತು?" ಎಂದವರು, ಅವಳು ಬಾಗಿಲ ತನಕ ಹೋದ ಮೇಲೆ, "ಹಳೇದನ್ನೆಲ್ಲ ಕೆದಕೋರು ಬೇಡಮ್ಮ. ಮುಂದಿಂದು ಸರಿಮಾಡೋರು ಸಾಕು" ಎಂದು ಸೇರಿಸಿದರು.

ಮನೆಗೆ ಬಂದು ಹೇಳಿದಾಗ ಗಂಡ ತಟ್ಟೆಯಲ್ಲಿದ್ದ ಕೈ ಹಾಗೇ ನಿಲ್ಲಿಸಿದ. "ನಿನ್ನ ಮೇಲೆ ಬಂದಿರೋ ದೂರನ್ನ ವಿಚಾರಿಸೋಕೆ ಪೊಲೀಸ್ನೋರನ್ನ ನೀನೇ ಆರಿಸ್ಬೇಕಾ? ಚೆನ್ನಾಗಿದೆ."

"ತಮಾಷೆ ಬೇಡ ರೀ."

"ತಮಾಷೆ ಅಲ್ಲ ಕಣೆ. ಕೆದಕೋರನ್ನ ತಂದ್ರೆ ಡಾಕ್ಟ್ರಿಗೆ ಸಿಟ್ಟು. ಕೆದಕದೇ ಇರೋರನ್ನ ತಂದ್ರೆ ನಿನ್ನ ಹೆಸರು ಹಾಗೇ ಉಳೀತು. ನಿನಗೆ ರಿವರ್ಸ್ ಗೇರೇ ಇಲ್ಲವಲ್ಲ."

ಗಂಡನ ಮಾತಿಗೆ ಅವಳಿಗೆ ನಗು ಬರಲಿಲ್ಲ. ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಮೊದಲು ಬಂದವರು ದೊಡ್ಡ ಕಂಪನಿಯವರು. ಕೋಟು ಹಾಕಿದ ಇಬ್ಬರು ಗೋಡೆಯ ಮೇಲೆ ಚಿತ್ರ ಬಿಟ್ಟು ಮಾತಾಡಿದರು. ಮುಖ ನೋಡಿ ತೆರೆಯುವ ಬಾಗಿಲು, ಬೆರಳು ಮುಟ್ಟಿ ತೆರೆಯುವ ಕಂಪ್ಯೂಟರು, ನೋಡಲು ಸೊಗಸಾಗಿತ್ತು. ಬೀಗದಕ್ಕನಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆದರೂ ಮನೆಗೆ ಬಣ್ಣ ಹೊಡೆಸುವಾಗ ಮೇಸ್ತ್ರಿಯನ್ನು ಕೇಳುವ ಹಾಗೆ ಕೇಳಿದಳು: "ಕೆಲಸಕ್ಕೆ ನೀವಿಬ್ಬರೇ ಬರ್ತೀರಾ?"

ಇಬ್ಬರೂ ಮುಖ ಮುಖ ನೋಡಿಕೊಂಡರು. "ನಮ್ಮ ಟೀಮ್ ಬರುತ್ತೆ ಮೇಡಂ."

"ಈ ಬೆರಳು ಮುಟ್ಟೋ ಯಂತ್ರ ಯಾರದು?"

"ನಮ್ಮದೇ. ನಮ್ಮ ಜೊತೆ ಬಂದ್ರೆ ರಿಯಾಯಿತಿ ಇದೆ."

"ನಮ್ಮ ಹುಡುಗಿಯರು ಇಡೀ ದಿನ ಗ್ಲೌಸ್ ಹಾಕ್ಕೊಂಡಿರ್ತಾರಲ್ಲ, ಬೆರಳು ಎಲ್ಲಿ ಮುಟ್ಟೋದು?"

ಅದನ್ನು ಟೀಮಿನವರು ಬಂದಾಗ ನೋಡುತ್ತಾರೆ ಎಂದರು. ಅವರು ಹೋದ ಮೇಲೆ ಬೀಗದಕ್ಕನಿಗೆ ಉಳಿದದ್ದು ಒಂದೇ ಅನುಮಾನ: ರೋಗ ಯಾವುದೆಂದು ನೋಡುವ ಮೊದಲೇ ಔಷಧಿ ಕಟ್ಟಿಕೊಂಡು ಬಂದಿದ್ದಾರೆ.

ಎರಡನೆಯವನು ಡಾಕ್ಟರ ಜೊತೆ ಬ್ಯಾಡ್ಮಿಂಟನ್ ಆಡುವ ಸ್ನೇಹಿತ. ನಗುಮುಖದ ಮನುಷ್ಯ. ಮಾತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. "ನೋಡೀಮ್ಮ, ಹಳೇ ಕಥೆ ಯಾಕೆ? ಎಲ್ಲ ಹೊಸದಾಗಿ ಶುರು ಮಾಡೋಣ. ಎಲ್ಲರಿಗೂ ಹೊಸ ಲಾಗಿನ್. ನಿಮಗೆ ಮಾತ್ರ ಎಲ್ಲಾ ಬಾಗಿಲೂ ತೆರೆಯೋ ದೊಡ್ಡ ಲಾಗಿನ್ ಇಡೋಣ. ನಿಮ್ಮ ಗೌರವ ನಿಮಗೆ."

"ಹಳೇ ದಾಖಲೆ ಏನಾಗುತ್ತೆ?"

"ಕಟ್ಟಿ ಒಂದು ಕಡೆ ಇಟ್ಟುಬಿಡೋಣ. ಯಾರು ನೋಡ್ತಾರೆ ಅದನ್ನ?"

ಯಾರೂ ನೋಡದಿರಬಹುದು. ಆದರೆ ಆ ಟೀಚರ ವರದಿಯ ಪಕ್ಕದಲ್ಲಿ ತನ್ನ ಹೆಸರು ಕತ್ತಲಲ್ಲಿ ಹಾಗೇ ಕೂತಿರುತ್ತದೆ. ಇಷ್ಟಾದರೂ ಆ ಮನುಷ್ಯನನ್ನು ಒಪ್ಪಿಕೊಂಡುಬಿಡೋಣ ಎಂದು ಅವಳಿಗೆ ಅನಿಸದೆ ಇರಲಿಲ್ಲ. ಡಾಕ್ಟರಿಗೂ ಖುಷಿ, ಆಸ್ಪತ್ರೆಗೂ ಸಮಾಧಾನ, ತನ್ನ ಕುರ್ಚಿಯೂ ಭದ್ರ.

ಮೂರನೆಯದು ಕಂಪನಿಯೆಂದು ಕರೆಯಬಹುದೋ ಇಲ್ಲವೋ ಎನ್ನುವಷ್ಟು ಸಣ್ಣದು. ಒಬ್ಬ ಹೆಂಗಸು ಬಸ್ಸಿಳಿದು, ಹೆಗಲಿಗೊಂದು ಚೀಲ ಹಾಕಿಕೊಂಡು ಬಂದಳು. ಗಂಟಲು ಕಟ್ಟಿತ್ತು, ಬಿಸಿನೀರು ಕೇಳಿದಳು. ಕುಡಿದು, ಡಾಕ್ಟರ ಕೋಣೆಗೂ ಹೋಗದೆ ಕೌಂಟರಿನ ಪಕ್ಕದ ಗೋಡೆಗೆ ಒರಗಿ ಬಹಳ ಹೊತ್ತು ಸುಮ್ಮನೆ ನಿಂತು ನೋಡಿದಳು. ಆಮೇಲೆ ಬಂದು ಕೇಳಿದ್ದು ಒಂದೇ ಪ್ರಶ್ನೆ.

"ನಾಳೆ ನೀವು ಬರದೇ ಹೋದ್ರೆ ಏನಾಗುತ್ತೆ?"

"ಲ್ಯಾಬ್ ಬಾಗಿಲು ಹಾಕ್ಬೇಕಾಗುತ್ತೆ ಅಷ್ಟೆ," ಎಂದು ಬೀಗದಕ್ಕ ನಕ್ಕಳು. ಇದು ಅವಳು ಎಲ್ಲರಿಗೂ ಹೇಳುವ ಮಾತು. ಕೇಳಿದವರೆಲ್ಲ ನಗುತ್ತಿದ್ದರು. ಈ ಹೆಂಗಸು ನಗಲಿಲ್ಲ.

"ಅದು ಹೊಗಳಿಕೆ ಅಂತ ನೀವು ಅಂದ್ಕೊಂಡಿದ್ದೀರಿ. ಅಲ್ಲ. ನಿಮ್ಮನ್ನ ಇವರೆಲ್ಲ ಸೇರಿ ಬಾಗಿಲಿಗೆ ಸಿಗಿಸಿಟ್ಟಿದ್ದಾರೆ."

ಬೀಗದಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಬಂದು ಗಂಟೆಯಾಗಿಲ್ಲ, ಇವಳಿಗೇನು ಗೊತ್ತು? ಆದರೂ ಬೇರೆಯವರಿಗೆ ಕೇಳಿದ್ದನ್ನೇ ಇವಳಿಗೂ ಕೇಳಿದಳು. ಕೆಲಸಕ್ಕೆ ಬರುವುದು ತಾನು ಮತ್ತು ತನ್ನ ಜೊತೆಗಾರ, ಬೇರೆ ಯಾರೂ ಇಲ್ಲ. ತಾನು ಯಾವ ಸಾಮಾನನ್ನೂ ಮಾರುವುದಿಲ್ಲ, ಮಾರುವವರಿಂದ ಏನನ್ನೂ ತೆಗೆದುಕೊಳ್ಳುವುದೂ ಇಲ್ಲ. ಕೆಲಸ ಮುಗಿದ ಮೇಲೆ ತನ್ನನ್ನು ಮತ್ತೆ ಕರೆಯುವ ಅಗತ್ಯ ಬೀಳಬಾರದು, ಬಿದ್ದರೆ ಕೆಲಸ ಕೆಟ್ಟಿದೆ ಎಂದರ್ಥ.

"ಹಳೇದನ್ನ ನೋಡ್ತೀರಾ?"

"ನೋಡದೆ ಹೇಗೆ? ಯಾರು ಎಲ್ಲಿಂದ ಒಳಗೆ ಬರ್ತಿದ್ರು ಅಂತ ತಿಳೀದೆ ಯಾವ ಬಾಗಿಲು ಮುಚ್ಚಲಿ? ಹಳೇದು ನೋಡ್ಬೇಡಿ ಅಂದ್ರೆ ನಾನು ಈ ಕೆಲಸ ಒಪ್ಪಲ್ಲ."

ಇವಳು ಮೊದಲು ಕೆಲಸ ಮಾಡಿಕೊಟ್ಟಿದ್ದ ಗೋದಾಮೊಂದರ ಮ್ಯಾನೇಜರಿಗೆ ಬೀಗದಕ್ಕ ಫೋನು ಹಚ್ಚಿದಳು. "ಅಯ್ಯೋ, ಆಯಮ್ಮನಾ? ತಲೆ ತಿಂದು ಹಾಕ್ಬಿಟ್ರು!" ಎಂದು ಆತ ಶುರುಮಾಡಿದ. "ನಮ್ಮ ಸಾಹುಕಾರರನ್ನೇ ಕೂರಿಸ್ಕೊಂಡು ಪ್ರಶ್ನೆ ಕೇಳಿದ್ರು. ಎಲ್ಲರಿಗೂ ಮುನಿಸು. ಆದ್ರೆ ಒಂದು ಹೇಳ್ತೀನಿ, ಅವರು ಹೋದ್ಮೇಲೆ ಫೋನ್ ಮಾಡಿ ಕೇಳೋ ಪ್ರಮೇಯ ಒಂದು ದಿನವೂ ಬಂದಿಲ್ಲ."

ಫೋನಿಟ್ಟ ಮೇಲೆ ಬೀಗದಕ್ಕ ಕೂತಲ್ಲೇ ಕೂತಳು. ಯಾರನ್ನು ಆರಿಸಬೇಕೆಂಬುದು ಅವಳಿಗೆ ಆಗಲೇ ಗೊತ್ತಾಗಿಹೋಗಿತ್ತು. ಗೊತ್ತಾದದ್ದೇ ಕಷ್ಟವಾಯಿತು.

ಮಾರನೆಯ ದಿನ ಮಧ್ಯಾಹ್ನ, ಖಾಲಿ ಟ್ಯೂಬುಗಳ ಪೆಟ್ಟಿಗೆ ಇಡುವ ಕೋಣೆಯಲ್ಲಿ ಅವಳು ಊಟಕ್ಕೆ ಕೂತಿದ್ದಾಗ ಕೌಂಟರಿನ ಹುಡುಗಿ ಒಳಗೆ ಬಂದಳು. ಈ ಹುಡುಗಿಗೆ ನರ ಹುಡುಕುವುದರಿಂದ ಹಿಡಿದು ಅಳುವ ಮಕ್ಕಳನ್ನು ಸಮಾಧಾನ ಮಾಡುವವರೆಗೆ ಎಲ್ಲವನ್ನೂ ಕಲಿಸಿದವಳು ಬೀಗದಕ್ಕನೇ. ಮಗಳಿಲ್ಲದ ಅವಳಿಗೆ ಈ ಹುಡುಗಿಯ ಮೇಲೆ ಒಂದು ತೂಕ ಹೆಚ್ಚು ಪ್ರೀತಿ. 'ಚಿನಕುರಳಿ' ಎಂದು ಹೆಸರಿಟ್ಟವಳೂ ಅವಳೇ. ಅಷ್ಟು ಮಾತು ಆ ಹುಡುಗಿಯದು. ಇವತ್ತು ಮಾತಿರಲಿಲ್ಲ. ಪೆಟ್ಟಿಗೆಯ ಮೇಲಿನ ಅಂಟುಪಟ್ಟಿಯನ್ನು ಉಗುರಿನಿಂದ ಕೀಳುತ್ತ ನಿಂತಳು.

"ಅಕ್ಕ, ಆ ಮೂರನೇ ಮೇಡಂ ಬಂದ್ರೆ ಹಳೇದನ್ನೂ ನೋಡ್ತಾರಂತಾ?"

"ನೋಡ್ತಾರಂತೆ."

"ಯಾರು ಏನು ತೆಗೆದು ನೋಡಿದ್ರು ಅಂತೆಲ್ಲ ಗೊತ್ತಾಗುತ್ತಾ?"

ಬೀಗದಕ್ಕ ಕಲಸಿದ ತುತ್ತನ್ನು ಡಬ್ಬಿಯಲ್ಲೇ ಬಿಟ್ಟಳು. ಆ ಟೀಚರ ಅತ್ತೆಮನೆ ಮತ್ತು ಈ ಹುಡುಗಿಯ ಮನೆ ಒಂದೇ ವಠಾರದಲ್ಲಿದ್ದವು. ಅದು ಅವಳಿಗೆ ಮೊದಲಿಂದಲೂ ಗೊತ್ತಿದ್ದ ಸಂಗತಿ. ಇಷ್ಟು ದಿನ ಅದರ ಹತ್ತಿರ ಹೋಗದೆ ಸುತ್ತು ಹಾಕಿಕೊಂಡು ಓಡಾಡಿದ್ದಳು, ಅಷ್ಟೇ. 'ನೀನಾ?' ಎಂದು ಕೇಳಿಬಿಟ್ಟರೆ ಉತ್ತರ ಬರುತ್ತದೆ. ಉತ್ತರ ಬಂದ ಮೇಲೆ ಅದನ್ನು ಏನು ಮಾಡಬೇಕು? ಹೇಳಿದರೆ ಹುಡುಗಿಯ ಬದುಕು ಮುಗಿಯಿತು. ಮುಚ್ಚಿಟ್ಟರೆ ಇಷ್ಟು ದಿನ ಹೆಸರಿಗೆ ಮಾತ್ರ ಅಂಟಿದ್ದ ಮಸಿ ಕೈಗೂ ಅಂಟಿತು.

"ಏನಾದ್ರೂ ಹೇಳೋದಿದ್ರೆ ನೀನಾಗೇ ಹೇಳು," ಎಂದಳು ಕೊನೆಗೆ. "ನಾನಾಗಿ ಕೇಳಲ್ಲ."

ಹುಡುಗಿ ಅಂಟುಪಟ್ಟಿಯನ್ನು ಪೂರ್ತಿ ಕಿತ್ತು, ಉಂಡೆ ಮಾಡಿ, ಹಿಡಿದುಕೊಂಡೇ ಹೊರಗೆ ಹೋದಳು.

ಆಮೇಲಿನ ದಿನಗಳಲ್ಲಿ ಬೀಗದಕ್ಕ ಡಾಕ್ಟರ ಕಣ್ಣು ತಪ್ಪಿಸಿಕೊಂಡು ಓಡಾಡಿದಳು. ಅವರು "ಏನಾಯ್ತಮ್ಮ?" ಎಂದರೆ "ಇನ್ನೂ ನೋಡ್ತಿದ್ದೀನಿ ಡಾಕ್ಟ್ರೇ" ಎನ್ನುವಳು. ನೋಡಲು ಏನೂ ಉಳಿದಿರಲಿಲ್ಲ. ರಾಜೀನಾಮೆ ಕೊಟ್ಟು ಹೋಗಿಬಿಡೋಣವೆಂದರೆ, ತಪ್ಪು ಮಾಡಿದವಳೇ ಓಡಿಹೋದಳು ಎಂದಾಗುತ್ತದೆ. ಇದ್ದರೆ ದಿನವೂ ಅದೇ ಹೆಸರಿನಲ್ಲಿ ಅದೇ ಕಂಪ್ಯೂಟರು ತೆರೆಯಬೇಕು.

ಆ ವಾರ ಅವಳ ದವಡೆ ಹಲ್ಲು ಕೈಕೊಟ್ಟಿತು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿದ್ದಳು. ಸೂಜಿ ಕೊಟ್ಟು ಅರ್ಧ ಬಾಯಿ ಮರದ ಹಾಗಾಗಿತ್ತು. ಮೊಬೈಲು ಬಡಿದುಕೊಂಡಿತು. ಹಲ್ಲಿನ ಡಾಕ್ಟರು ಕಣ್ಣಲ್ಲೇ ಬೇಡವೆಂದರೂ ಕೈ ತಾನಾಗಿ ಹೋಯಿತು.

"ಅಕ್ಕ, ಕೋಡ್ ಬಂದಿದೆ ನೋಡಿ, ಬೇಗ ಹೇಳಿ."

ತೊದಲುತ್ತ ಒಂದೊಂದೇ ಅಂಕಿ ಹೇಳಿದಳು. ಆ ಕಡೆಯಿಂದ "ಹಾಂ, ಆಯ್ತು" ಎಂದಿತು ಧ್ವನಿ. ಆಗ ಅವಳಿಗೆ ಹೊಳೆಯಿತು: ಈ ಧ್ವನಿ ಯಾರದೆಂದು ತನಗೆ ಗೊತ್ತಿಲ್ಲ.

"ಯಾಲು ಮಾತಾಲ್ತಿಲೋದು?" ಎಂದಳು ಮರಗಟ್ಟಿದ ಬಾಯಲ್ಲಿ.

"ನಾನಕ್ಕ, ಹೊಸಬ. ಸೋಮವಾರ ಸೇರಿದೆ," ಎಂದ ಅವನು. ಫೋನು ಕಟ್ಟಾಯಿತು.

ಹೊಸಬನೇ ಇರಬಹುದು. ಇಲ್ಲದೆಯೂ ಇರಬಹುದು. ಕೊಟ್ಟಾದ ಮೇಲೆ ಕೇಳಿದ್ದಳು. ಯಾರೋ ಒಬ್ಬ ತನ್ನ ಹೆಸರು ಹೊತ್ತು ಈಗ ಯಾವುದೋ ವರದಿ ತೆರೆಯುತ್ತಿದ್ದಾನೆ, ತಾನು ಇಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದೇನೆ. ಚಿನಕುರಳಿ ಮಾಡಿದ್ದರೆ ಅದು ಅವಳ ತಪ್ಪು, ನಿಜ. ಆದರೆ ಅವಳ ಕೈಗೆ ಬಾಗಿಲು ಕೊಟ್ಟವರು ಯಾರು? ಅವಳ ಕಣ್ಣಿನ ಮೂಲೆಯಿಂದ ನೀರು ಕಿವಿಯತ್ತ ಹರಿಯಿತು. "ನೋವಾಗ್ತಿದೆಯಾ?" ಎಂದು ಹಲ್ಲಿನ ಡಾಕ್ಟರು ಕೇಳಿದರು. ಅವಳು ತಲೆಯಾಡಿಸಿದಳು.

ಮರುದಿನ ಊದಿದ ಕೆನ್ನೆ ಹೊತ್ತುಕೊಂಡೇ ಡಾಕ್ಟರ ಕೋಣೆಗೆ ಹೋದಳು. "ಆ ಬಸ್ಸಲ್ಲಿ ಬಂದ ಮೇಡಂ ಆಗ್ಬಹುದು ಡಾಕ್ಟ್ರೇ."

"ಕೆದಕೋರು ಬೇಡ ಅಂದಿದ್ದೆನಲ್ಲ?"

"ಅಂದಿದ್ರಿ."

"ಮೊದಲು ನಿಮಗೇ ತೊಂದ್ರೆ ಆಗೋದು, ಗೊತ್ತಾ?"

"ಈಗ ಇರೋದೇನು ಸುಖಾನಾ?" ಎಂದಳು ಬೀಗದಕ್ಕ. ಇಷ್ಟು ವರ್ಷದಲ್ಲಿ ಅವರೆದುರು ಅವಳ ಧ್ವನಿ ಏರಿದ್ದು ಅದೇ ಮೊದಲು. "ಒಂದೇ ಲಾಗಿನ್ ಸಾಕು ಅಂತ ನೀವು ಹೇಳಿದ್ರಿ. ಸರಿ ಅಂತ ನಾನು ಊರಿಗೆಲ್ಲ ಹಂಚಿದೆ. ಆ ಮೇಡಂ ಇಬ್ಬರ ತಪ್ಪನ್ನೂ ಬರೀತಾರೆ. ಬರೀಲಿ. ನಿಮ್ಮ ಸ್ನೇಹಿತರನ್ನೇ ಕರೆಸೋದಾದ್ರೆ ಕರೆಸಿ, ನಾನು ಬೇಡ ಅನ್ನಲ್ಲ. ಆದ್ರೆ ನಾನು ಆರಿಸಿದೆ ಅಂತ ಆಸ್ಪತ್ರೆಯವರಿಗೆ ಹೇಳ್ಬೇಡಿ. ಇನ್ನು ನನ್ನ ಹೆಸರಲ್ಲಿ ಬೇರೆ ಯಾರೂ ಏನೂ ಮಾಡೋದು ಬೇಡ."

ಡಾಕ್ಟರು ಕೆಟ್ಟವರಲ್ಲ. ಮುಖ ಸಣ್ಣದು ಮಾಡಿಕೊಂಡು ಕಿಟಕಿಯ ಹೊರಗೆ ನೋಡಿದರು. ಆಸ್ಪತ್ರೆಯವರು ಕೊಟ್ಟ ಗಡುವು ಬೇರೆ ಹತ್ತಿರ ಬರುತ್ತಿತ್ತು. "ಬರಹೇಳಿ ಹಾಗಾದ್ರೆ," ಎಂದರು.

ಆ ಮೇಡಂ ಮತ್ತು ಅವಳ ಜೊತೆಗಾರ ಬಂದು ಕೂತರು. ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆದು ಮಾತಾಡಿಸಿದರು. ಕೆಲಸ ಬಿಟ್ಟು ಎಷ್ಟೋ ದಿನಗಳಾಗಿದ್ದ ಹುಡುಗನೊಬ್ಬ ಈಗಲೂ ಮನೆಯಿಂದಲೇ ಲ್ಯಾಬಿನ ಕಂಪ್ಯೂಟರಿನೊಳಗೆ ಬರಬಹುದಿತ್ತು ಎಂಬುದು ಹೊರಬಿತ್ತು. ಬೀಗದಕ್ಕನನ್ನೂ ಕೂರಿಸಿಕೊಂಡು ಕೇಳಿದರು. ಅವಳು ಕಂಡದ್ದನ್ನು ಹೇಳಿದಳು. ತನ್ನ ಅನುಮಾನವನ್ನು ಹೇಳಲಿಲ್ಲ. ಯಾರ ಮೇಲಾದರೂ ಅನುಮಾನವಿದೆಯೇ ಎಂದು ಅವರೂ ಕೇಳಲಿಲ್ಲ. ಈ ವಿಚಾರಣೆಯ ನಡುವೆ ಒಂದು ಬೆಳಿಗ್ಗೆ ಚಿನಕುರಳಿ ಕೆಲಸಕ್ಕೆ ಬರಲಿಲ್ಲ. ಮನೆಯಲ್ಲಿ ಅನುಕೂಲವಿಲ್ಲ, ಇನ್ನು ಬರುವುದಿಲ್ಲ ಎಂದು ಬೇರೊಬ್ಬಳ ಕೈಲಿ ಹೇಳಿಕಳಿಸಿದ್ದಳು. ಬೀಗದಕ್ಕ ಫೋನು ಮಾಡಿದಳು. ಪೂರ್ತಿ ಬಡಿದುಕೊಂಡು ನಿಂತಿತು. ಮತ್ತೆ ಮಾಡಲಿಲ್ಲ.

ಕೊನೆಗೆ ಮೇಡಂ ಅವಳನ್ನೂ ಡಾಕ್ಟರನ್ನೂ ಒಟ್ಟಿಗೆ ಕೂರಿಸಿಕೊಂಡು ಹೇಳಿದಳು. "ಆ ವರದಿ ತೆಗೆದದ್ದು ಯಾರು ಅಂತ ನನ್ನ ಕೈಲಿ ಹೇಳೋಕಾಗಲ್ಲ. ಆ ಕಂಪ್ಯೂಟರಿಗೆ ಆ ಸಂಜೆ ಯಾರು ಬೇಕಾದ್ರೂ ಕೈ ಹಾಕಬಹುದಿತ್ತು, ಎಲ್ಲರದ್ದೂ ಒಂದೇ ಹೆಸರು. ಇವತ್ತಿನಿಂದ ಆಗೋದಕ್ಕೆ ಲೆಕ್ಕ ಸಿಗುತ್ತೆ. ನಿನ್ನೆಯದಕ್ಕೆ ಸಿಗಲ್ಲ. 'ಈ ದಾಖಲೆಯಲ್ಲಿ ಈ ಹೆಸರು ಬಂದ ಮಾತ್ರಕ್ಕೆ ಅದು ಈ ವ್ಯಕ್ತಿ ಅಂತ ಅರ್ಥವಲ್ಲ' ಅಂತ ಬರೆದಿದ್ದೀನಿ. ನನ್ನಿಂದ ಆಗೋದು ಅಷ್ಟು."

ಇಷ್ಟು ಒದ್ದಾಡಿದ್ದಕ್ಕೆ ಸಿಕ್ಕಿದ್ದು ಆ ಒಂದು ವಾಕ್ಯ. ಸಮಾಧಾನಪಡಬೇಕೋ ಅಳಬೇಕೋ ಬೀಗದಕ್ಕನಿಗೆ ತಿಳಿಯಲಿಲ್ಲ. ತಾನಲ್ಲ ಎಂದು ಅದು ಹೇಳುತ್ತಿರಲಿಲ್ಲ. ತಾನೇ ಎಂದು ಹೇಳಲಾಗದು ಎಂದಷ್ಟೇ ಹೇಳುತ್ತಿತ್ತು.

ಟೀಚರನ್ನು ಕರೆಸಿ ಡಾಕ್ಟರೇ ಕ್ಷಮೆ ಕೇಳಿದರು. ಏನೇನು ಸರಿಮಾಡಿದ್ದೇವೆ ಎಂದು ವಿವರಿಸಿದರು. ಆಕೆ ಎಲ್ಲ ಕೇಳಿಸಿಕೊಂಡಳು. "ಅಂದ್ರೆ ಯಾರೂ ಮಾಡಿಲ್ಲ ಅಂತಾಯ್ತು," ಎಂದಳು. ಬೀಗದಕ್ಕ ಬಾಗಿಲ ಬಳಿ ನಿಂತಿದ್ದಳು. ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಹೇಳಬಹುದಾಗಿದ್ದ ಒಂದೇ ಮಾತು ಅನುಮಾನದ್ದು. ಅನುಮಾನ ಹೇಳಿ ಇನ್ನೊಬ್ಬಳ ಹೆಸರು ಕೆಡಿಸುವುದು ಹೇಗಿರುತ್ತದೆಂದು ಅವಳಿಗೀಗ ಚೆನ್ನಾಗಿ ಗೊತ್ತಿತ್ತು. ಬಾಯಿ ಮುಚ್ಚಿದಳು. ಟೀಚರು ಅವಳನ್ನು ದಾಟಿಕೊಂಡು ಮೆಟ್ಟಿಲಿಳಿದು ಹೋದಳು.

ಈಗ ಆ ಲ್ಯಾಬಿನಲ್ಲಿ ಎಲ್ಲರಿಗೂ ಅವರವರದೇ ಲಾಗಿನ್. ಬೀಗದಕ್ಕನದು ಸಾಮಾನು ತರಿಸುವುದು, ರಜೆ, ಪಾಳಿ, ಇಷ್ಟಕ್ಕೆ ಮಾತ್ರ ತೆರೆಯುತ್ತದೆ. ಹೊಸ ವ್ಯವಸ್ಥೆ ಶುರುವಾದ ವಾರವೇ, ಬರಬೇಕಿದ್ದ ವರದಿ ಬಂದಿಲ್ಲವೆಂದು ಒಬ್ಬ ಅಜ್ಜ ಕೌಂಟರಿನಲ್ಲಿ ಕೂಗಾಡುತ್ತಿದ್ದ. ಬೀಗದಕ್ಕ ಅಭ್ಯಾಸಬಲದಿಂದ ಅದನ್ನು ತೆರೆಯಲು ಹೋದಳು. ತೆರೆಯಲಿಲ್ಲ. ಅಧಿಕಾರ ಕೊಡುವ ಕೆಲಸ ನೋಡಿಕೊಳ್ಳುತ್ತಿದ್ದ ಜೂನಿಯರ್ ಡಾಕ್ಟರ ಕೋಣೆಗೆ ಹೋಗಿ ಹೇಳಿದಳು.

ಅವನು ಮುಜುಗರದಿಂದ ಕುರ್ಚಿಯಲ್ಲಿ ಮಿಸುಕಾಡಿದ. "ಯಾಕೆ ಬೇಕು ಅಂತ ಕೇಳ್ಬೇಕಂತೆ ಅಕ್ಕ. ಎಲ್ಲರನ್ನೂ ಕೇಳ್ಬೇಕಂತೆ. ತಪ್ಪು ತಿಳ್ಕೋಬೇಡಿ."

ಅವನಿಗೆ ಟ್ಯೂಬು ಹಿಡಿಯಲು ಬಾರದ ದಿನದಿಂದ ನೋಡಿದವಳು ಅವಳು. ಕಿವಿ ಬಿಸಿಯಾಯಿತು. ಮಾತೊಂದು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಅವನೆದುರಿನ ಕುರ್ಚಿ ಎಳೆದುಕೊಂಡು ಕೂತು, ಯಾಕೆ ಬೇಕೆಂದು ಹೇಳಿದಳು.